ಮೂರನೆಯ ಸುತ್ತಿನ ಕಲ್ಲು

ವಾಡಿ, ೩ ಜುಲೈ ೧೯೫೫

ಗುರುಲಿಂಗಯ್ಯ ಮಾಮಾ ಅವರಿಗೆ, ನಿಮ್ಮ ಅಕ್ಕನ ಮಗಳು ಶರಣಬಸಮ್ಮನ ಶರಣಾರ್ಥಿ.

ನೀವು ಕೊಡಿಸಿದ ನೌಕರಿಗೆ ಸೇರಿ ಇಂದಿಗೆ ಹನ್ನೊಂದು ದಿನ. ಮೊದಲ ನಾಲ್ಕು ದಿನ ನಾನು ಶಾಲೆಯಲ್ಲಿ ಬಾಯಿ ತೆರೆಯಲಿಲ್ಲ. ಹಲಗೆಯ ಮೇಲೆ ಬರೆದೆ, ಅಳಿಸಿದೆ, ಮತ್ತೆ ಬರೆದೆ. ನಲವತ್ತೊಂದು ಮಕ್ಕಳು ನನ್ನ ಬೆನ್ನನ್ನು ನೋಡುತ್ತ ಕೂತಿದ್ದವು. ಐದನೆಯ ದಿನ ಹಿಂದಿನ ಸಾಲಿನ ಹುಡುಗಿಯೊಬ್ಬಳು, "ಅಕ್ಕೋರಿಗೆ ಮಾತು ಬರಂಗಿಲ್ಲೇನು?" ಎಂದು ಪಕ್ಕದವಳನ್ನು ಕೇಳಿದಳು. "ಬರ್ತದ. ಖರ್ಚು ಮಾಡಂಗಿಲ್ಲ," ಎಂದಳು ಅವಳು. ನನಗೇ ನಗು ಬಂದು ತಿರುಗಿದೆ. ಪಾಠ ಅಲ್ಲಿಂದ ಶುರುವಾಯಿತು. ಆದರೂ ಗೂಡ್ಸ್ ಗಾಡಿ ಹಾದುಹೋಗುವಾಗ ನನಗೆ ಸಂತೋಷ. ಆ ಸದ್ದಿನಲ್ಲಿ ಯಾರೂ ಮಾತಾಡಬೇಕಾಗಿಲ್ಲ.

ಈ ಜಾಗಕ್ಕೆ ನಡುಗಡ್ಡಿ ಎಂದು ಹೆಸರು. ಸುತ್ತ ಇರುವುದು ನೀರಲ್ಲ, ಹಳಿ. ಮುಂಬಯಿಯಿಂದ ಬರುವ ದಾರಿ, ರಾಯಚೂರಿನ ಮೇಲೆ ಮದರಾಸಿಗೆ ಹೋಗುವ ದಾರಿ, ಚಿತ್ತಾಪುರ ಸೇಡಂ ದಾಟಿ ಹೈದರಾಬಾದಿಗೆ ಹೋಗುವ ದಾರಿ, ಮೂರೂ ಸೇರಿ ಒಂದು ಮುಕ್ಕೋಣ ಮಾಡಿವೆ. ಅದರೊಳಗೆ ಅರವತ್ತನಾಲ್ಕು ಮನೆ, ಒಂದು ಬಾವಿ, ಒಂದೇ ಕೋಣೆಯ ನಮ್ಮ ಶಾಲೆ. ಮೂರೂ ಕಡೆ ಗಾಡಿ ನಿಂತುಬಿಟ್ಟರೆ ಒಳಗಿನವರು ಒಳಗೇ, ಹೊರಗಿನವರು ಹೊರಗೇ. ಇಲ್ಲಿಯ ಮಕ್ಕಳು ಎಣಿಸುವುದು ತೆಲುಗಿನಲ್ಲಿ, ಜಗಳ ದಖನಿಯಲ್ಲಿ, ಅಳುವುದು ಕನ್ನಡದಲ್ಲಿ.

ಬಾವಿಯ ಸುತ್ತ ಶಹಾಬಾದಿನ ಪರಸಿ ಕಲ್ಲು ಹಾಸಿದ್ದಾರೆ. ಇಲ್ಲಿಗೆ ಬಂದು ನೆಲೆಸುವ ಪ್ರತಿ ಮನೆಯವರೂ ಒಂದೊಂದು ಕಲ್ಲು ಹಾಸಬೇಕಂತೆ. ಹಾಸಿದ ಮೇಲೇ ನೀರಿನ ಹಕ್ಕು. ಚಪ್ಪಲಿ ಬಿಟ್ಟೇ ಕಲ್ಲಿನ ಮೇಲೆ ಕಾಲಿಡಬೇಕು. ಬಹಳ ಶುಚಿಯ ಜನ.

ನಾನಿರುವುದು ನೀವು ಹೇಳಿದಂತೆ, ಹಳಿ ಬದಲಿಸುವ ಪಾಯಿಂಟ್ಸ್‌ಮನ್ ದೇವಿಂದ್ರಪ್ಪನವರ ಮನೆಯಲ್ಲಿ. ಅವರ ಹೆಂಡತಿ ಭಾಗಮ್ಮ ನನ್ನನ್ನು ತಂಗಿಯಂತೆ ನೋಡಿಕೊಳ್ಳುತ್ತಾರೆ. ನಾನು ಎಲ್ಲರ ಬಾವಿಯ ನೀರು ಕುಡಿಯುವುದಿಲ್ಲವೆಂದು ನೀವು ಅಪ್ಪನಿಗೆ ಮಾತು ಕೊಟ್ಟಿರುವುದು ನೆನಪಿದೆ. ಸ್ಟೇಶನ್ನಿನ ನಲ್ಲಿ ಇಲ್ಲಿಂದ ದೂರವೇನಲ್ಲ.

ಶರಣಿ


ಚಿಂಚೋಳಿ, ೧೫ ಜುಲೈ ೧೯೫೫

ಚಿ. ಶರಣಿಗೆ ಆಶೀರ್ವಾದ.

ಕಾಗದ ಓದಿ ನಿನ್ನ ಅವ್ವನಿಗೂ ಓದಿಸಿದೆ. ಮಾತನ್ನು ಖರ್ಚು ಮಾಡದ ಭಾಗವನ್ನು ಎರಡು ಸಲ ಓದಿಸಿಕೊಂಡಳು. ಮನೆಯಲ್ಲಿ ಎಲ್ಲರೂ ಅದನ್ನೇ ಹೇಳಿ ನಗುತ್ತಿದ್ದಾರೆ.

ಊರಿನ ಜನ ಕೇಳಿದರೆ ಹುಡುಗಿ ಲಿಂಗವಂತರ ಮನೆಯಲ್ಲಿದ್ದಾಳೆ, ಸ್ಟೇಶನ್ನಿನ ನೀರು ಕುಡಿಯುತ್ತಾಳೆ ಎಂದು ಹೇಳಿದ್ದೇನೆ. ನನ್ನ ಮಾತು ಉಳಿಸು. ನಾನು ಸೊಲ್ಲಾಪುರದ ಮಠದಲ್ಲಿ ಓದುತ್ತಿದ್ದಾಗ ಪರವೂರಿನ ನೀರಿಗೆ ಜ್ವರ ಬಂದು ಇಪ್ಪತ್ತು ದಿನ ಮಲಗಿದ್ದೆ. ಅದನ್ನು ನೆನೆದು ಹೇಳುತ್ತಿದ್ದೇನೆ, ಬೇರೇನೂ ಇಲ್ಲ.

ಬಾವಿಯ ಕಡೆ ಹೋದರೂ ಉತ್ತರದ ಬದಿಯಿಂದ ಹತ್ತಬೇಡ. ಅಲ್ಲಿ ಜಾರುತ್ತದೆ.

ಗುರುಲಿಂಗಯ್ಯ


ವಾಡಿ, ೨ ಆಗಸ್ಟ್ ೧೯೫೫

ಮಾಮಾ ಅವರಿಗೆ ಶರಣಾರ್ಥಿ.

ನಿಮ್ಮ ಕಾಗದ ಬಂದರೆ ನನಗಿಂತ ಮೊದಲು ಭಾಗಮ್ಮನಿಗೆ ಗೊತ್ತಾಗುತ್ತದೆ. ಅವರಿಗೆ ಓದು ಬಾರದು. ಆದರೆ ನಿಮ್ಮ ಹೆಸರಿನ ಕೊನೆಯ ಅಕ್ಷರದ ಗೆರೆಯನ್ನು ನೀವು ಹಿಂದಕ್ಕೆ ಎಳೆದು ಇಡೀ ಹೆಸರಿನ ಕೆಳಗೆ ಹಾಯಿಸುತ್ತೀರಲ್ಲ, ಅದನ್ನು ಗುರುತಿಟ್ಟಿದ್ದಾರೆ. "ನಿಮ್ಮ ಬಾಲದ ಮಾಮಾಂದು ಬಂದದ ನೋಡ್ರಿ," ಎನ್ನುತ್ತಾರೆ. ಕೋಪ ಬೇಡ.

ಇಲ್ಲಿ ಮಾಳಮ್ಮ ಎಂಬ ಮುದುಕಿ ಇದ್ದಾಳೆ. ಎಪ್ಪತ್ತು ದಾಟಿದೆ. ಕಲ್ಲು ಕೆಲಸದವರ ಮನೆ. ನಡುಗಡ್ಡಿಯ ಕಥೆಯನ್ನು ಆಕೆ ಬಾವಿಯ ಕಲ್ಲು ತೋರಿಸುತ್ತ ಹೇಳಿದಳು. ಕಲ್ಲುಗಳು ಸುತ್ತುಸುತ್ತಾಗಿ ಹೊರಕ್ಕೆ ಬೆಳೆದಿವೆ. ಒಳಗಿನದೇ ಹಳೆಯದು. "ಮೊದ್ಲ ಬಂದೋರು ನಮ್ಮ ಮಂದಿ. ಹಳಿ ಕೆಳಗ ಕಲ್ಲು ಹಾಕಾಕ ಬಂದ್ರು. ಹಳಿ ಮುಂದ ಹೋತು, ಇವ್ರು ಇಲ್ಲೇ ಕುಂತ್ರು." ಎರಡನೆಯ ಸುತ್ತು ಮದರಾಸಿನ ಕಡೆಯ ಎಂಜಿನ್ನಿನವರದು, ಸೇಡಂ ಆಚೆಯ ತೆಲುಗು ಗ್ಯಾಂಗ್‌ಮನ್‌ಗಳದು. ಬೆಳಿಗ್ಗೆ ಇಡ್ಲಿಯ ಹಬೆ ಏಳುವುದು, ಬತುಕಮ್ಮ ಹೂವಿನ ಹಬ್ಬಕ್ಕೆ ಎಲ್ಲ ಮನೆಯ ಹೆಣ್ಣುಮಕ್ಕಳು ಬಾವಿಯ ಸುತ್ತ ಚಪ್ಪಾಳೆ ತಟ್ಟಿ ತಿರುಗುವುದು ಅವರು ಬಂದ ಮೇಲೆ. ಮೂರನೆಯ ಸುತ್ತಿನಲ್ಲಿ ಕಲಬುರ್ಗಿಯ ಕಡೆಯ ಮುಸಲ್ಮಾನರು ಮತ್ತು ಸೊಲ್ಲಾಪುರದ ಮರಾಠಿಗರು. ಮೊಹರಮ್ಮಿಗೆ ಕ್ಯಾಬಿನ್‌ಮನ್ ಮೌಲಾಲಿಯವರು ಆಲಾವಿಯ ಬೆಂಕಿಗುಂಡಿ ತೋಡುತ್ತಾರೆ, ಮರಾಠಿ ಹುಡುಗರು ಲೇಜಿಮ್ ಆಡುತ್ತಾರೆ, ಹಲಗೆ ಬಡಿಯುವವರು ಮದರಾಸಿನವರು. ಕೊನೆಯ ಸುತ್ತು ಏಳು ವರ್ಷದ್ದು. ಪೊಲೀಸ್ ಕಾರ್ಯಾಚರಣೆಯ ವರ್ಷ ಅಬ್ದುಲ್ ಮಜೀದ ಎಂಬ ಹುಡುಗ ತಾಯಿಯನ್ನು ಕರೆದುಕೊಂಡು ಒಂದು ಗಂಟಿನೊಂದಿಗೆ ಬಂದನಂತೆ. ಯಾವ ಊರು ಎಂದು ಯಾರೂ ಕೇಳಲಿಲ್ಲ. ಕಲ್ಲು ಕೊಳ್ಳಲು ಅವರಿಗೆ ಶಕ್ತಿ ಇರಲಿಲ್ಲ. ಮಾಳಮ್ಮನೇ ತನ್ನ ಹಿತ್ತಲಿನ ಕಲ್ಲು ಕೊಟ್ಟು, "ಹಾಸು, ಆಮ್ಯಾಲ ಅಳು," ಎಂದಳಂತೆ. ಮಜೀದ ಈಗ ಇಪ್ಪತ್ತೆರಡರ ಗಂಡಸು, ಸ್ಟೇಶನ್ನಿನಲ್ಲಿ ಕೂಲಿ.

ಇನ್ನೊಂದು ಪದ್ಧತಿ ಕೇಳಿರಿ. ನಡುಗಡ್ಡಿಗೆ ಸೊಸೆಯಾಗಿ ಬಂದವಳಿಗೆ, ಯಾವ ಜಾತಿಯವಳಾದರೂ, ಮೊದಲ ನೀರನ್ನು ಒಂದು ಹಳೆಯ ತಾಮ್ರದ ಕೊಡದಿಂದ ಕುಡಿಸುತ್ತಾರೆ. ಅದರ ಹೆಸರು "ಓಡಿ ಹೋದಾವನ ಕೊಡ". ಯಾರೋ ಬಿಟ್ಟು ಹೋದದ್ದಂತೆ. "ಆಂವ ಓಡಿ ಹೋದ, ಇಕಿ ಓಡಿ ಹೋಗಬಾರ್ದು ಅಂತ," ಎಂದು ಮಾಳಮ್ಮ ಕಾರಣ ಕೊಟ್ಟಳು.

ಮೊನ್ನೆ ಕಚೇರಿಯವರು ಸರಪಳಿ ಹಿಡಿದು ಬಂದು ಜಾಗ ಅಳೆದು ಹೋದರು.

ಒಂದು ಮಾತು. ಉತ್ತರದ ಬದಿ ನಿಜವಾಗಿಯೂ ಜಾರುತ್ತದೆ. ನಿಮಗೆ ಹೇಗೆ ಗೊತ್ತು?

ಶರಣಿ


ಚಿಂಚೋಳಿ, ೨೦ ಆಗಸ್ಟ್ ೧೯೫೫

ಚಿ. ಶರಣಿಗೆ ಆಶೀರ್ವಾದ.

ಎಲ್ಲ ಬಾವಿಗಳೂ ಉತ್ತರಕ್ಕೆ ಜಾರುತ್ತವೆ. ಆ ಕಡೆ ಬಿಸಿಲು ಕಡಿಮೆ.

ಜಾಗ ಅಳೆದರೆಂದರೆ ಶಾಲೆಗೆ ಹೊಸ ಕಟ್ಟಡ ಬರುತ್ತದೆ. ಸಂತೋಷ. ಎರಡು ಕೋಣೆ ಕೇಳು, ನಾಚಿಕೊಂಡು ಒಂದಕ್ಕೇ ಸುಮ್ಮನಾಗಬೇಡ. ಇಲ್ಲಿಯ ಸಂತೆಯಲ್ಲಿ ನಾಲ್ಕು ಜನಕ್ಕೆ ಆಗಲೇ ಹೇಳಿದ್ದೇನೆ.

ಹಳೆಯ ಪಾತ್ರೆಗಳ ಕಥೆಯನ್ನೆಲ್ಲ ನಂಬಬೇಡ.

ಗುರುಲಿಂಗಯ್ಯ


ವಾಡಿ, ೧೮ ಸೆಪ್ಟೆಂಬರ್ ೧೯೫೫

ಮಾಮಾ ಅವರಿಗೆ ಶರಣಾರ್ಥಿ.

ನಿಮ್ಮಿಂದ ಎರಡು ವಿಷಯ ಮುಚ್ಚಿಟ್ಟಿದ್ದೆ. ಎರಡನ್ನೂ ಇವತ್ತು ಬರೆದುಬಿಡುತ್ತೇನೆ.

ಮೊದಲನೆಯದು, ಅಳತೆ ಶಾಲೆಗಲ್ಲ. ಗೂಡ್ಸ್ ಗಾಡಿಗಳಿಗೆ ಹೊಸ ಹಳಿ ಹಾಕಲು. ಜುಲೈ ಕೊನೆಗೇ ನೋಟೀಸು ಬಂದಿದೆ. ನಡುಗಡ್ಡಿ ನಿಜಾಮರ ಲೆಕ್ಕದ ೧೩೪೫ನೆಯ ಫಸಲಿ ವರ್ಷಕ್ಕಿಂತ, ಎಂದರೆ ಇಪ್ಪತ್ತು ವರ್ಷಕ್ಕಿಂತ ಹಳೆಯ ವಸತಿ ಎಂದು ಸಿದ್ಧವಾದರೆ ಅದನ್ನು ಊರೆಂದು ದಾಖಲು ಮಾಡುತ್ತಾರೆ, ಹಳಿ ಬೇರೆ ಕಡೆ ಹೋಗುತ್ತದೆ. ಇಲ್ಲದಿದ್ದರೆ ಮಾರ್ಚಿಯೊಳಗೆ ಅರವತ್ತನಾಲ್ಕು ಮನೆಯೂ ಶಾಲೆಯೂ ಖಾಲಿ. ನವೆಂಬರ್ ಹತ್ತೊಂಬತ್ತಕ್ಕೆ ಚಿತ್ತಾಪುರದಿಂದ ನಾಯಬ್ ತಹಶೀಲ್ದಾರರು ವಿಚಾರಣೆಗೆ ಬರುತ್ತಾರೆ. ಇದನ್ನು ಬರೆದರೆ ನೀವು ನನ್ನನ್ನು ಮನೆಗೆ ಕರೆಸಿಕೊಳ್ಳುತ್ತೀರಿ ಎಂದು ಬರೆಯಲಿಲ್ಲ.

ಇಲ್ಲಿ ಓದು ಬಲ್ಲವಳು ನಾನೆಂದು ಅರ್ಜಿ ನನ್ನ ಕೈಯಲ್ಲೇ ಬರೆಸಿದರು. ಚೆನ್ನಾಗಿ ಬರೆದೆ ಎಂದುಕೊಂಡೆ. ಅದರಲ್ಲಿ, "ಈ ಜನರ ಬಳಿ ಬರಹದ ದಾಖಲೆ ಏನೂ ಇಲ್ಲ, ದಯೆ ತೋರಬೇಕು" ಎಂಬ ಸಾಲು ಹಾಕಿದೆ. ಅದು ಎಂಥ ತಪ್ಪು ಎಂದು ಹೋದ ವಾರ ತಿಳಿಯಿತು. ಬಾವಿಯ ಹತ್ತಿರ ಒಂದು ಕಲ್ಲು ಒಡೆಯಿತು. ಗ್ಯಾಂಗ್‌ಮನ್ ನರಸಪ್ಪ ಚೂರನ್ನು ಎತ್ತಿದಾಗ ಅದರ ಕೆಳಮೈ ಕಂಡಿತು. ತೆಲುಗು ಅಕ್ಷರ, ಕೆಳಗೆ ವರ್ಷ. ಮಾಮಾ, ಪ್ರತಿ ಕಲ್ಲಿನ ಮೇಲೂ ಮನೆಯವರ ಹೆಸರಿದೆ, ಬಂದ ವರ್ಷವಿದೆ, ಅವರವರ ಲಿಪಿಯಲ್ಲಿ. ಅಕ್ಷರ ತುಳಿಯಬಾರದೆಂದು ಎಲ್ಲವನ್ನೂ ಕವುಚಿ ಹಾಸಿದ್ದಾರೆ. ಚಪ್ಪಲಿ ಬಿಡುವುದೂ ಅದಕ್ಕೇ. ನಾನು ಶುಚಿ ಎಂದು ತಿಳಿದಿದ್ದೆ.

"ಯಾಕ ಹೇಳಲಿಲ್ಲಬೇ?" ಎಂದೆ ಮಾಳಮ್ಮನಿಗೆ.

"ನೀ ಎಲ್ಲಿ ಕೇಳಿದಿ? ಓದಿದಾಕಿ, ನಿನಗ ಗೊತ್ತಿರ್ತದ ಅನ್ಕೊಂಡ್ವಿ."

"ಯಾರೂ ಓದದಂಗ ಹೆಸರು ಬರೆದು ಏನು ಉಪಯೋಗ?"

"ಯಾರು ಬಂದಾರ ಅಂತ ಮಣ್ಣಿಗೆ ಗೊತ್ತಾದ್ರ ಸಾಕು."

ಎಲ್ಲ ಕಲ್ಲನ್ನೂ ಮಗುಚಿ ತಹಶೀಲ್ದಾರರಿಗೆ ತೋರಿಸಿದರೆ ಮುಗಿಯಿತು ಎಂದು ನಾನು ಕುಣಿದೆ. ಯಾರೂ ಕುಣಿಯಲಿಲ್ಲ. ಇಲ್ಲಿ ಕಲ್ಲು ಮಗುಚುವುದು ಒಂದೇ ಕಾರಣಕ್ಕೆ, ಆ ಮನೆಯವರು ಊರು ಬಿಟ್ಟಾಗ. ಮೌಲಾಲಿಯವರು ತಣ್ಣಗೆ ಹೇಳಿದರು: "ಅಕ್ಕೋರೆ, ಹೋಗಬಾರ್ದು ಅಂತ ನಾವು ನಮ್ಮ ಕೈಯಾಗೇ ಹೋಗೂ ಶಾಸ್ತ್ರ ಮಾಡ್ಬೇಕೇನ್ರಿ?"

ಎರಡನೆಯ ವಿಷಯ ಚಿಕ್ಕದು. ಸ್ಟೇಶನ್ನಿನ ನಲ್ಲಿ ದೂರವಿಲ್ಲ ಎಂದು ಬರೆದಿದ್ದೆ. ಅದು ನಿಜ. ಆದರೆ ನಾನು ಮೂರನೆಯ ದಿನದಿಂದ ಈ ಬಾವಿಯ ನೀರನ್ನೇ ಕುಡಿಯುತ್ತಿದ್ದೇನೆ.

ಶರಣಿ


ಚಿಂಚೋಳಿ, ೩೦ ಸೆಪ್ಟೆಂಬರ್ ೧೯೫೫

ಶರಣಬಸಮ್ಮನಿಗೆ,

ಸಾಮಾನು ಕಟ್ಟು. ದಸರೆಗೆ ನಿಮ್ಮ ಅಪ್ಪ ಬಂದು ಕರೆದುಕೊಂಡು ಬರುತ್ತಾರೆ. ನೀರಿನ ವಿಷಯ ಅವರಿಗೆ ಹೇಳಿಲ್ಲ. ನೀನೂ ಹೇಳಬೇಡ. ಸರ್ಕಾರದ ಕೆಲಸದಲ್ಲಿ ಹೆಣ್ಣುಮಕ್ಕಳು ಕೈ ಹಾಕಬಾರದು. ಆ ಜನ ಎಲ್ಲಾದರೂ ಬದುಕಿಕೊಳ್ಳುತ್ತಾರೆ, ಬದುಕುವುದು ಅವರಿಗೆ ಗೊತ್ತು.

ಗುರುಲಿಂಗಯ್ಯ


ವಾಡಿ, ೯ ಅಕ್ಟೋಬರ್ ೧೯೫೫

ಮಾಮಾ ಅವರಿಗೆ ಶರಣಾರ್ಥಿ.

ಅಪ್ಪನಿಗೆ ಬೇರೆ ಕಾಗದ ಬರೆದಿದ್ದೇನೆ. ಅರ್ಧ ವರ್ಷದ ಪರೀಕ್ಷೆ ಇದೆ, ಈಗ ಬರಲಾಗದು ಎಂದು. ಪರೀಕ್ಷೆ ಇರುವುದು ನಿಜ.

ನಿನ್ನೆ ಮಾಳಮ್ಮ ಎಲ್ಲರನ್ನೂ ಬಾವಿಯ ಬಳಿ ಕೂಡಿಸಿದಳು. "ಒಂದು ಕಲ್ಲು ಅದ. ಅದರ ಮಾಲಕ ಹೋಗಿ ಇಪ್ಪತ್ಮೂರು ವರ್ಷ ಆತು. ಹೋಗ್ತೀನಿ ಅಂತ ಹೇಳಲಿಲ್ಲ, ಅದಕ್ಕ ನಾವು ಮಗಚಲಿಲ್ಲ. ಅದನ್ನ ಮಗಚಿದ್ರ ಯಾರ ಮನಿನೂ ಮಗಚಂಗಿಲ್ಲ," ಎಂದಳು. ಅದು ಮೂರನೆಯ ಸುತ್ತಿನಲ್ಲಿದೆ. ಅದರ ವರ್ಷ ಗೊತ್ತಾದರೆ ಒಳಗಿನ ಎರಡು ಸುತ್ತು ಅದಕ್ಕಿಂತ ಹಳೆಯವು ಎಂದು ತಾನೇ ಸಿದ್ಧವಾಗುತ್ತದೆ.

ನರಸಪ್ಪ ಮತ್ತು ಮಜೀದ ಸೇರಿ ಹಾರೆ ಹಾಕಿ ಎತ್ತಿದರು. ಮಾಳಮ್ಮ ಸೆರಗಿನಿಂದ ಮಣ್ಣು ಒರೆಸಿದಳು. ಅಕ್ಷರ ಕೊರೆದವನು ಆಕೆಯ ಗಂಡ. ಆತನಿಗೆ ಓದು ಬರುತ್ತಿರಲಿಲ್ಲವಂತೆ. ಮನೆಯವರು ಇದ್ದಲಿನಲ್ಲಿ ಹೇಗೆ ಬರೆದುಕೊಡುತ್ತಿದ್ದರೋ ಹಾಗೇ ಒಂದು ಗೆರೆ ತಪ್ಪದೆ ಕೊರೆಯುತ್ತಿದ್ದ. ಆದ್ದರಿಂದ ಕಲ್ಲಿನ ಮೇಲಿರುವುದು ಆ ಮನುಷ್ಯನ ಕೈಬರಹವೇ.

ನಾನು ಓದುವ ಮೊದಲೇ ಭಾಗಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡರು. "ಅಯ್ಯ ಅಕ್ಕೋರೆ, ಇದು ನಿಮ್ಮ ಬಾಲದ ಮಾಮಾ ಅಲ್ಲೇನ್ರಿ?"

ಅಲ್ಲಿ ಬರೆದದ್ದನ್ನು ಇದ್ದಂತೆ ಇಳಿಸುತ್ತೇನೆ:

ಗುರುಲಿಂಗಯ್ಯ
೧೩೪೧ ಫಸಲಿ

ಬೇರೇನೂ ಇಲ್ಲ. ನೋಟೀಸಿನ ವರ್ಷಕ್ಕಿಂತ ನಾಲ್ಕು ವರ್ಷ ಹಿಂದಿನದು. ಗೆರೆ ಹೆಸರಿನ ಕೆಳಗೆ ಪೂರ್ತಿ ಹಾಯ್ದಿದೆ.

ನಾನು ಏನನ್ನೂ ಕೇಳುವುದಿಲ್ಲ. ಚಿತ್ತಾಪುರದ ಕಚೇರಿಯ ಗುಮಾಸ್ತರು ಹೋದ ವಾರವೇ ಹೇಳಿದ್ದನ್ನು ಮಾತ್ರ ತಿಳಿಸುತ್ತೇನೆ. ಕಲ್ಲಿನ ಮೇಲೆ ನಿನ್ನೆ ರಾತ್ರಿ ಕೂಡ ಹಳೆಯ ವರ್ಷ ಕೊರೆಯಬಹುದು, ಅದೊಂದೇ ಸಾಲದು. ಇಲ್ಲಿರುವವರ ಸಾಕ್ಷಿಯೂ ನಡೆಯುವುದಿಲ್ಲ, ಅವರಿಗೆ ಜಾಗ ಬೇಕಲ್ಲ. ಆಗ ಇಲ್ಲಿದ್ದು ಈಗ ಇಲ್ಲದವರು, ಜಾಗದ ಆಸೆ ಇಲ್ಲದವರು, ಒಬ್ಬರಾದರೂ ಎದುರಿಗೆ ಬಂದು ಹೇಳಬೇಕು.

ಶರಣಿ


ವಾಡಿ, ೨೫ ಅಕ್ಟೋಬರ್ ೧೯೫೫

ಮಾಮಾ ಅವರಿಗೆ ಶರಣಾರ್ಥಿ. ಹದಿನಾರು ದಿನವಾಯಿತು, ನಿಮ್ಮ ಕಾಗದವಿಲ್ಲ. ಭಾಗಮ್ಮ ದಿನವೂ ಟಪಾಲಿನವನ ಕೈ ನೋಡುತ್ತಾರೆ. ಕಲ್ಲು ಇನ್ನೂ ಮೇಲ್ಮುಖವಾಗಿದೆ. ತುಳಿಯಬಾರದೆಂದು ಎಲ್ಲರೂ ಸುತ್ತಿ ಹೋಗುತ್ತಿದ್ದಾರೆ.


ಚಿಂಚೋಳಿ, ೨ ನವೆಂಬರ್ ೧೯೫೫

ಚಿ. ಶರಣಿ,

ನಾನು ಸೊಲ್ಲಾಪುರದ ಮಠವನ್ನು ಇದುವರೆಗೆ ಕಂಡಿಲ್ಲ.

ಇಪ್ಪತ್ತಮೂರನೆಯ ವಯಸ್ಸಿನಲ್ಲಿ ವಾಡಿಯ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತನಾಗಿ ಸೇರಿದೆ. ಇರಲು ಬೇರೆಲ್ಲೂ ಜಾಗ ಸಿಗದೆ ನಡುಗಡ್ಡಿಯಲ್ಲಿ ಒಂದು ಗುಡಿಸಲು ಹಿಡಿದೆ. ನಾನು ಅಯ್ಯನೋರ ಮನೆಯವನು, ಆದ್ದರಿಂದ ಸ್ಟೇಶನ್ನಿನ ನಲ್ಲಿಯಿಂದ ನೀರು ಹೊತ್ತು ತರುತ್ತಿದ್ದೆ. ಜ್ವರ ಬಂದಿತು. ಇಪ್ಪತ್ತು ದಿನ ಏಳಲಾಗಲಿಲ್ಲ. ಮಾಳಮ್ಮನ ಗಂಡ ನೀರು ಕುಡಿಸಿದ, ಮೌಲಾಲಿಯ ತಾಯಿ ಗಂಜಿ ಕುಡಿಸಿದಳು. ಯಾವ ನೀರು ಎಂದು ನಾನು ಕೇಳಲಿಲ್ಲ. ಎದ್ದ ಮೇಲೆ ಕೇಳುವುದು ಹೇಸಿಗೆ ಎನಿಸಿತು. ಶಹಾಬಾದಿಗೆ ನಾನೇ ಹೋಗಿ ಒಂದು ಒಳ್ಳೆಯ ಕಲ್ಲು ಆರಿಸಿ ತಂದೆ. ಅದನ್ನು ಹಾಸಿದ ದಿನ ನನಗಾದ ಸಂತೋಷ ಮುಂದೆ ನನ್ನ ಮದುವೆಯಲ್ಲಿಯೂ ಆಗಲಿಲ್ಲ. ನಿನ್ನ ಅತ್ತೆಗೆ ಇದನ್ನು ಹೇಳಬೇಡ.

ಎಂಟು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಕೊಡ ತುಂಬಿ ತಲೆಯೆತ್ತಿದರೆ ಎದುರಿಗೆ ಅಪ್ಪ. ನನ್ನ ಮಣಿಕಟ್ಟು ಹಿಡಿದು ಗಾಡಿಗೆ ನಡೆಸಿದರು. ನಾನು ಕೈ ಬಿಡಿಸಿಕೊಳ್ಳಲಿಲ್ಲ. ಕೊಡ ಅಲ್ಲೇ ಉಳಿಯಿತು. ಊರಲ್ಲಿ ಸೊಲ್ಲಾಪುರದ ಕಥೆ ಅವರೇ ಕಟ್ಟಿದರು, ನಾನು ಒಪ್ಪಿಕೊಂಡೆ. ಇವತ್ತಿಗೂ ಪ್ರತಿ ಬಸವ ಜಯಂತಿಗೆ ಎದ್ದು ನಿಂತು ಮನುಷ್ಯರಲ್ಲಿ ಮೇಲುಕೀಳಿಲ್ಲ ಎಂದು ಭಾಷಣ ಮಾಡುತ್ತೇನೆ. ಜನ ಪಾದ ಮುಟ್ಟುತ್ತಾರೆ.

ಆ ಶಾಲೆಗೆ ಜಾಗ ಖಾಲಿ ಇದೆ ಎಂದು ಕೇಳಿದಾಗ ನಿನ್ನ ಹೆಸರು ಕೊಟ್ಟವನು ನಾನು. ಏಕೆ ಕೊಟ್ಟೆ ಎಂದು ಆಗ ಗೊತ್ತಿರಲಿಲ್ಲ.

ಬರೆದುಕೊಟ್ಟರೆ ಸಾಲುವುದಿಲ್ಲವೇ? ಬರುವುದೆಂದರೆ ಇಲ್ಲಿ ಎಲ್ಲರಿಗೂ ತಿಳಿಯುತ್ತದೆ. ಯೋಚಿಸುತ್ತಿದ್ದೇನೆ.

ಗುರುಲಿಂಗಯ್ಯ


ವಾಡಿ, ೮ ನವೆಂಬರ್ ೧೯೫೫

ಮಾಮಾ, ಬರೆದುಕೊಟ್ಟರೆ ಸಾಲುವುದಿಲ್ಲವಂತೆ. ಹತ್ತೊಂಬತ್ತು ಶನಿವಾರ. ಸೇಡಂನಿಂದ ಬರುವ ಬೆಳಗಿನ ಗಾಡಿ ಒಂಬತ್ತೂವರೆಗೆ ಇಲ್ಲಿ ನಿಲ್ಲುತ್ತದೆ. ನಿಮ್ಮ ಹೆಸರನ್ನು ನಾನು ಯಾರಿಗೂ ಸಾಕ್ಷಿಯೆಂದು ಕೊಟ್ಟಿಲ್ಲ. ನೀವು ಬಾರದಿದ್ದರೂ ನಾನು ಯಾವತ್ತಿನಂತೆ ಬರೆಯುತ್ತೇನೆ.

ಶರಣಿ


ವಾಡಿ, ೨೧ ನವೆಂಬರ್ ೧೯೫೫

ಮಾಮಾ ಅವರಿಗೆ ಶರಣಾರ್ಥಿ.

ನೀವು ಸಂಜೆಯ ಗಾಡಿಗೇ ಹೊರಟುಬಿಟ್ಟಿರಿ. ಶನಿವಾರ ನಡೆದದ್ದು ನಿಮ್ಮ ಕಡೆಯಿಂದ ನಿಮಗೆ ಹೇಗೆ ಕಂಡಿತೋ ಗೊತ್ತಿಲ್ಲ. ನಾನು ಶಾಲೆಯ ಬಾಗಿಲಲ್ಲಿ ನಿಂತು ಕಂಡದ್ದನ್ನು ಬರೆಯುತ್ತೇನೆ, ನಿಮ್ಮ ಬಳಿ ಇರಲಿ.

ನೀವು ಹಳಿ ದಾಟಿ ಬರುವಾಗ ಹೊಸ ಧೋತರ, ಹೆಗಲ ಮೇಲೆ ಶಲ್ಯ, ಹಣೆಯ ತುಂಬ ವಿಭೂತಿ. ಮನೆಯಲ್ಲಿ ಪೂಜೆಗೆ ಹೊರಡುವ ವೇಷ. ಮಾಳಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಬಂದ ನೋಡ್ರಿ ಓಡಿ ಹೋದಾಂವ. ಹೊಟ್ಟಿ ಬಂದದ," ಎಂದಳು. ನೀವು ಆಕೆಯ ಕಾಲು ಮುಟ್ಟಿದಿರಿ.

ತಹಶೀಲ್ದಾರರು ಕೆಟ್ಟವರಲ್ಲ, ಅನುಮಾನದ ಮನುಷ್ಯ. "ಅಯ್ಯನೋರೆ, ನಿಮ್ಮಂಥೋರು ಈ ಮಂದಿ ನಡುವ ಇದ್ರಿ ಅಂದ್ರ ನಂಬೂದು ಹ್ಯಾಂಗ? ಯಾರೋ ಹೇಳಿಸಾಕತ್ತಾರ. ಈ ಬಾವಿ ನೀರು ಕುಡದೀರೇನು?" ಎಂದರು.

ಚಿಂಚೋಳಿಯ ಇಬ್ಬರು ವ್ಯಾಪಾರಸ್ಥರು ಅದೇ ಗಾಡಿಯಲ್ಲಿ ಬಂದು ಹಳಿಯ ಆಚೆ ನಿಂತು ನೋಡುತ್ತಿದ್ದರು. ನಾನು ಅವರನ್ನು ಕಂಡಿದ್ದೆ, ನೀವೂ ಕಂಡಿದ್ದಿರಿ.

"ಎಂಟು ತಿಂಗಳು ಕುಡದೀನ್ರಿ," ಎಂದಿರಿ. ದನಿ ಹಳಿಯ ಆಚೆಗೆ ಕೇಳುವಷ್ಟು ದೊಡ್ಡದಾಗಿತ್ತು. "ಸತ್ತು ಹೋಗಾಂವ ಇದ್ದೆ, ಈ ನೀರು ಕುಡಿದು ಬದುಕೀನಿ. ಸುಳ್ಳು ಹೇಳಿದ್ದು ಆಮ್ಯಾಲ. ಮಾಳಮ್ಮ, ಒಂದು ಕೊಡ ಸೇದವ್ವ, ಸಾಹೇಬರು ನೋಡಲಿ."

ಮಾಳಮ್ಮ ಬೇರೆ ಕೊಡ ಮುಟ್ಟಲೇ ಇಲ್ಲ. ಒಳಗಿನಿಂದ ಆ ತಾಮ್ರದ ಕೊಡವನ್ನೇ ತಂದಳು. ನೀವು ಬೊಗಸೆಯೊಡ್ಡಿ ಕುಡಿದಿರಿ. ಗಂಟಲಿನಿಂದ ಎದೆಗೆ ನೀರು ಇಳಿದು ಶಲ್ಯ ನೆನೆಯಿತು.

ಆಗಲೂ ತಹಶೀಲ್ದಾರರು ಏನೋ ಕೇಳುತ್ತ, ಕಲ್ಲುಗಳನ್ನು ಎಣಿಸುತ್ತ, ಹಿಂದೆ ಹಿಂದೆ ಸರಿದರು. ನೀವು ಕುಡಿಯುವುದನ್ನು ಬಿಟ್ಟು, "ಸಾಹೇಬ್ರ, ಉತ್ತರಕ್ಕ ಹೋಗಬ್ಯಾಡ್ರಿ, ಜಾರ್ತದ," ಎಂದು ಕೂಗುವಷ್ಟರಲ್ಲಿ ಅವರ ಕಾಲು ಹೋಗಿತ್ತು. ನೀವೇ ರಟ್ಟೆ ಹಿಡಿದು ನಿಲ್ಲಿಸಿದಿರಿ. ಅವರು ಪ್ಯಾಂಟಿನ ಕೆಸರು ಒರೆಸಿಕೊಂಡು ನಿಮ್ಮನ್ನು ನೋಡಿದರು. "ಇದು ಎಂದಿನಿಂದ ಜಾರ್ತದ?" ಎಂದರು. "ನಾ ಬರೂಕಿಂತ ಮೊದ್ಲಿಂದ್ರಿ," ಎಂದಿರಿ. ಅವರಿಗೆ ನಗು ತಡೆಯಲಿಲ್ಲ. ಅವರು ನಕ್ಕ ಮೇಲೆ ನಡುಗಡ್ಡಿಯೇ ನಕ್ಕಿತು.

ನೀವು ಹೋದ ಮೇಲೆ ಅವರು ಗುಮಾಸ್ತನಿಗೆ ಬರೆಸಿದ್ದನ್ನು ನಾನು ಕೇಳಿದೆ. "ಸಾಕ್ಷಿದಾರರು ಸ್ಥಳವನ್ನು ಕಾಲಿನಿಂದ ಬಲ್ಲವರು."

ಚಿಂಚೋಳಿಯಲ್ಲಿ ಏನಾಯಿತು? ಮುಚ್ಚಿಡದೆ ಬರೆಯಿರಿ.

ಶರಣಿ


ಚಿಂಚೋಳಿ, ೧೦ ಡಿಸೆಂಬರ್ ೧೯೫೫

ಚಿ. ಶರಣಿಗೆ ಆಶೀರ್ವಾದ.

ನಾನು ಬಸ್ಸು ಇಳಿಯುವ ಮೊದಲೇ ಸುದ್ದಿ ಇಳಿದಿತ್ತು. ಇಬ್ಬರು ಪಾದಪೂಜೆಗೆ ಕರೆಯುವುದನ್ನು ಬಿಟ್ಟಿದ್ದಾರೆ. ಒಬ್ಬರು ದಾರಿಯಲ್ಲಿ ಕಂಡರೆ ಅಂಗಡಿಯೊಳಗೆ ಹೋಗುತ್ತಾರೆ, ಅವರಿಗೆ ಬೇಕಾದದ್ದು ಆ ಅಂಗಡಿಯಲ್ಲಿ ಸಿಗದಿದ್ದರೂ. ನಿಮ್ಮ ಅಪ್ಪ ಎಂಟು ದಿನ ಮಾತು ಬಿಟ್ಟರು. ಒಂಬತ್ತನೆಯ ದಿನ ಬಂದು, "ಹುಡುಗಿನೂ ಕುಡ್ಯಾಕತ್ತಾಳೇನು?" ಎಂದು ಕೇಳಿದರು. ಹೌದು ಎಂದೆ. "ಜ್ವರ ಬಂದಿಲ್ಲ?" "ಇಲ್ಲ." "ಹಂಗಾರ ಇರಲಿ," ಎಂದು ಎದ್ದು ಹೋದರು.

ನಿನ್ನ ಅತ್ತೆ ಆ ಒದ್ದೆ ಶಲ್ಯವನ್ನು ಒಗೆದು ಮಡಿಚಿ ಪೂಜೆಯ ಜಗಲಿಯ ಮೇಲೆ ಇಟ್ಟಿದ್ದಾಳೆ. ಅದರರ್ಥ ಕೇಳುವ ಧೈರ್ಯ ನನಗಿಲ್ಲ.

ಮೂವರು ಹುಡುಗರು ಬಂದು ವಾಡಿಗೆ ಹೋಗುವ ಗಾಡಿಯ ವೇಳೆ ಕೇಳಿ ಹೋದರು.

ಮುಂದಿನ ಬಸವ ಜಯಂತಿಗೆ ಭಾಷಣ ಚಿಕ್ಕದಾಗುತ್ತದೆ. ಹೇಳಲು ಒಂದೇ ಕಥೆ ಉಳಿದಿದೆ.

ಗುರುಲಿಂಗಯ್ಯ


ವಾಡಿ, ೧೨ ಫೆಬ್ರುವರಿ ೧೯೫೬

ಮಾಮಾ ಅವರಿಗೆ ಶರಣಾರ್ಥಿ.

ಹುಕುಂ ಬಂತು. ಗುರುವಾರ ಮಧ್ಯಾಹ್ನ ಚಿತ್ತಾಪುರದ ಜವಾನ ತಂದುಕೊಟ್ಟ. ನಡುಗಡ್ಡಿ ಊರೆಂದು ದಾಖಲಾಗಿದೆ. ಎಲ್ಲ ಅರವತ್ತನಾಲ್ಕು ಮನೆ. ಮಜೀದನ ತಾಯಿ, "ನಾವು ಮೊನ್ನೆ ಬಂದವರು, ನಮ್ಮದೂ ಸೇರ್ಯದೇನವ್ವ?" ಎಂದು ಮೂರು ಸಲ ಕೇಳಿದಳು. ಮೂರು ಸಲವೂ ಓದಿ ತೋರಿಸಿದೆ. ಹೊಸ ಹಳಿ ಮದರಾಸಿನ ದಾರಿಯ ಆಚೆಗೆ ಹೋಗುತ್ತದೆ.

ಹುಕುಮನ್ನು ಬಾವಿಯ ಬಳಿ ನಿಂತು ಗಟ್ಟಿಯಾಗಿ ಓದಬೇಕಾಯಿತು. ನಡುವೆ ಮುಂಬಯಿಯ ಗೂಡ್ಸ್ ಗಾಡಿ ಬಂತು. ನಾನು ನಿಲ್ಲಿಸಲಿಲ್ಲ. ಗಾಡಿ ಹೋದ ಮೇಲೆ ಹಿಂದಿನ ಸಾಲಿನ ಆ ಹುಡುಗಿ ಪಕ್ಕದವಳಿಗೆ, "ಇವತ್ತು ಅಕ್ಕೋರು ಎಲ್ಲಾ ಖರ್ಚು ಮಾಡಿದ್ರು," ಎಂದಳು.

ನಿಮ್ಮ ಕಲ್ಲನ್ನು ಮತ್ತೆ ಕವುಚಿ ಹಾಸಿದರು. ನೀವು ಬಂದಿರಲ್ಲ, ಇನ್ನು ಅದು ಮೇಲ್ಮುಖವಾಗಿ ಇರಬಾರದಂತೆ. ಕೂಡಿಸುವಾಗ ಮೌಲಾಲಿಯವರು ಕೆಳಗೆ ಮರಳು ಹರಡಿದರು, ನರಸಪ್ಪ ಸಂದಿಗೆ ಸುಣ್ಣ ತುಂಬಿದ. ಈಗ ಯಾವುದು ನಿಮ್ಮದೆಂದು ಹೊಸಬರಿಗೆ ತಿಳಿಯುವುದಿಲ್ಲ.

ಅದೇ ದಿನ ನಾನೂ ಒಂದು ಕಲ್ಲು ಹಾಸಿದೆ. ಶಹಾಬಾದಿಗೆ ಹೋಗಿ ಆರಿಸಿದ್ದು ನಾನೇ. ಇದ್ದಲಿನಲ್ಲಿ ಹೆಸರು ಬರೆದುಕೊಟ್ಟೆ, ಮಾಳಮ್ಮನ ಮಗ ಕೊರೆದ. ಭಾಗಮ್ಮ ಬಗ್ಗಿ ನೋಡಿ, "ಇದಕ್ಕೂ ಬಾಲ ಬಂದದಲ್ರಿ," ಎಂದರು. ಬಂದಿದೆ, ನಿಜ. ನನಗೇ ತಿಳಿಯದೆ ಬಂದಿದೆ.

ನಿಮ್ಮ ಕೊಡವನ್ನು ನಿಮಗೆ ಮರಳಿ ಕೊಡುತ್ತೀಯಾ ಎಂದು ಮಾಳಮ್ಮನನ್ನು ಕೇಳಿದೆ. "ಯಾರ ಕೊಡ? ಇಪ್ಪತ್ಮೂರು ವರ್ಷದಾಗ ನಲವತ್ತು ಸೊಸ್ತ್ಯಾರಿಗೆ ನೀರು ಕುಡಿಸ್ಯದ, ಒಬ್ಬಾಕಿನೂ ಓಡಿ ಹೋಗಿಲ್ಲ. ನಿಮ್ಮ ಮಾಮಾಗ ಹೇಳು, ಅಂವಗಿಂತ ಅವನ ಕೊಡ ನಿಯತ್ತಿಂದು ಅಂತ," ಎಂದಳು.

ಮಾರ್ಚಿ ಹದಿನೆಂಟಕ್ಕೆ ಮಜೀದನ ಮದುವೆ. ಹುಡುಗಿ ತೆಂಗಳಿಯವಳು. ಅವಳಿಗೆ ಮೊದಲ ಕೊಡ ನೀವೇ ಸೇದಿಕೊಡಬೇಕು ಎಂದು ನಡುಗಡ್ಡಿಯ ಅಪ್ಪಣೆ. ಅತ್ತೆಯನ್ನೂ ಕರೆದುಕೊಂಡು ಬನ್ನಿ. ಉತ್ತರದ ಬದಿಯಿಂದಲೇ ಹತ್ತಿರಿ. ಅಲ್ಲಿ ಈಗ ನನ್ನ ಕಲ್ಲಿದೆ, ಜಾರುವುದಿಲ್ಲ.

ಶರಣಬಸಮ್ಮ
ನಡುಗಡ್ಡಿ